ಬಿದ್ದ ಸರ್ವರ್ ಬೇಗ ಏಳುವ ಬಗ್ಗೆ ಹಾಗೂ ಹರಾಜು ಯಜಮಾನರ ಹಲ್ಲಿನ ಸೆಟ್ಟಿನ ಬಗ್ಗೆ

ಕಳೆದುಹೋದ ವಸ್ತುಗಳ ಇಲಾಖೆ
(ಮುಂದಿನ ಹಾಲ್, ಹಿಂದಿನ ಕೋಣೆ ಮತ್ತು ಇವೆರಡರ ನಡುವಿನ ಓಣಿ)

ಸಂಖ್ಯೆ: ಕವಇ/ಸರ್ವರ್/ಬಿದ್ದದ್ದು/ಮತ್ತೆ ಬಿದ್ದದ್ದು/ಇತ್ಯಾದಿ
ದಿನಾಂಕ: ಸರ್ವರ್ ಎದ್ದ ಮೇಲೆ ತುಂಬತಕ್ಕದ್ದು

ಸುತ್ತೋಲೆ

ವಿಷಯ: ಕ್ಲೈಂಟ್-ಸರ್ವರ್ ಮಾದರಿಯ ಆಬ್ಜೆಕ್ಟ್ ಡೇಟಾಬೇಸ್ ಕುಸಿದಾಗ ಅದು ಚೇತರಿಸಿಕೊಳ್ಳುವ ವೇಗವನ್ನು ಉತ್ತಮಪಡಿಸುವ ಕುರಿತು.

ಉಲ್ಲೇಖ:
೧. ಮೇಲಿನ ಕಚೇರಿಯ ಪತ್ರ (ಸಿಟ್ಟಿನದು).
೨. ಮೇಲಿನ ಕಚೇರಿಯ ಪತ್ರ (ಅದಕ್ಕಿಂತ ಸಿಟ್ಟಿನದು).
೩. ಹರಾಜು ಯಜಮಾನರ ಮಗಳು ಕೌಂಟರ್ ಮುಂದೆ ನಿಂತು ಬಾಯಿಮಾತಿನಲ್ಲಿ ಸಲ್ಲಿಸಿದ ಮನವಿ, ಹಾಲ್‌ನಲ್ಲಿದ್ದವರೆಲ್ಲರೂ ಕೇಳಿಸಿಕೊಂಡದ್ದು.

ಪ್ರಸ್ತಾವನೆ

ಬಸ್ಸು, ರೈಲು, ಆಸ್ಪತ್ರೆಯ ಬೆಂಚು, ಕ್ಷೌರದಂಗಡಿಯ ಕುರ್ಚಿ ಮುಂತಾದ ಕಡೆ ಸಾರ್ವಜನಿಕರು ಮರೆತುಹೋದ ವಸ್ತುಗಳನ್ನು ತಂದು ಕಪಾಟಿನಲ್ಲಿಟ್ಟು, ಮರೆತವರು ನೆನಪಾಗಿ ಬಂದಾಗ ಗುರುತು ಕೇಳಿ ಹಿಂತಿರುಗಿಸುವುದು ಈ ಇಲಾಖೆಯ ಕರ್ತವ್ಯವಾಗಿರುತ್ತದೆ. ವಸ್ತುಗಳು ಕಪಾಟಿನಲ್ಲಿಯೂ ಅವುಗಳ ವಿವರಗಳು (ಆಬ್ಜೆಕ್ಟ್ ಡೇಟಾಬೇಸ್ ಎಂದರೆ ಇವೇ) ಹಿಂದಿನ ಕೋಣೆಯ ಸರ್ವರ್ ಎಂಬ ದೊಡ್ಡ ಯಂತ್ರದಲ್ಲಿಯೂ ಇರುತ್ತವೆ. ಕೌಂಟರ್‌ಗಳ ಮೇಲೆ ಇರುವ ಸಣ್ಣ ಯಂತ್ರಗಳಿಗೆ ಕ್ಲೈಂಟ್ ಎಂದು ಹೆಸರು. ಯಾರಾದರೂ ತಮ್ಮ ಕನ್ನಡಕ ಕೇಳಿಕೊಂಡು ಬಂದರೆ, ಕೌಂಟರ್ ಗುಮಾಸ್ತರು ಆ ಕನ್ನಡಕದ ವಿವರವನ್ನು ಹಿಂದಿನ ಕೋಣೆಯಿಂದ ತಮ್ಮ ಯಂತ್ರಕ್ಕೆ ತರಿಸಿಕೊಂಡು, ಅಲ್ಲೇ ತಿದ್ದಿ, ತಿದ್ದಿದ್ದನ್ನು ವಾಪಸು ಕಳುಹಿಸುತ್ತಾರೆ. ಸರ್ವರ್ ಅದನ್ನು ಪಡೆದು "ಆಯಿತು" ಎಂದು ಒಪ್ಪಿದ ಮೇಲೆಯೇ ಕನ್ನಡಕ ಕೊಟ್ಟದ್ದು ಕೊಟ್ಟಂತೆ.

"ಆಯಿತು" ಎನ್ನುವ ಮುಂಚೆ ಸರ್ವರ್ ಬಿದ್ದರೆ, ಎದ್ದ ಮೇಲೆ ಅದು ಪೂರ್ತಿಯಾದ ಕೆಲಸಗಳನ್ನು ಉಳಿಸಿಕೊಂಡು, ಅರ್ಧಂಬರ್ಧ ಕೆಲಸಗಳನ್ನೆಲ್ಲ ಅಳಿಸಿಹಾಕಿ, ಅವು ನಡೆದೇ ಇಲ್ಲವೆಂದು ಸಾಧಿಸುತ್ತದೆ. ಈ ಸ್ವಭಾವ ಕೆಲವು ಮನುಷ್ಯರಲ್ಲಿಯೂ ಕಂಡುಬರುವುದಾದರೂ ಅದು ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ.

ಬಿದ್ದ ಸರ್ವರ್ ಎಷ್ಟು ಬೇಗ ಏಳುತ್ತದೆ ಎಂಬುದನ್ನು ನೋಡಿ ಮೇಲಿನ ಕಚೇರಿಯು ಎಲ್ಲ ಇಲಾಖೆಗಳಿಗೂ ಸ್ಥಾನ ನೀಡುತ್ತಿದ್ದು, ಈ ಸಲ ನಮ್ಮ ಇಲಾಖೆ ಕಟ್ಟಕಡೆಯ ಸ್ಥಾನದಲ್ಲಿದೆ. ಇಲಿ ನಿರ್ಮೂಲನಾ ಇಲಾಖೆಯೂ ನಮಗಿಂತ ಮುಂದಿದೆ. ಅವರ ಸರ್ವರ್‌ನೊಳಗೆ ಇಲಿ ಸಂಸಾರ ಹೂಡಿರುವುದು ಎಲ್ಲರಿಗೂ ತಿಳಿದ ವಿಷಯ.

ಇದೇ ಸಮಯಕ್ಕೆ ಇನ್ನೊಂದು ಪ್ರಕರಣವೂ ಒದಗಿ ಬಂದಿರುತ್ತದೆ. ಹಳೆಯ ಪೀಠೋಪಕರಣಗಳ ಮಾರುಕಟ್ಟೆಯಲ್ಲಿ ಹರಾಜು ಕೂಗುವ ಹಿರಿಯರೊಬ್ಬರು (ಮುಂದೆ "ಹರಾಜು ಯಜಮಾನರು") ಬಸ್ಸಿನಲ್ಲಿ ಸೇಬು ತಿನ್ನುತ್ತಿರುವಾಗ ಹಲ್ಲಿನ ಸೆಟ್ಟು ಸೇಬಿಗೆ ಕಚ್ಚಿಕೊಂಡು ಬಂದುಬಿಟ್ಟಿತು. ಅದನ್ನು ಬಿಡಿಸಿ, ಕರವಸ್ತ್ರದಲ್ಲಿ ಸುತ್ತಿ, ಸೀಟಿನ ಮೇಲಿಟ್ಟರು. ಅಷ್ಟರಲ್ಲಿ ನಿಲ್ದಾಣ ಬಂದದ್ದರಿಂದ ಗಡಿಬಿಡಿಯಲ್ಲಿ ಸೇಬನ್ನು ಮಾತ್ರ ಎತ್ತಿಕೊಂಡು ಇಳಿದುಹೋದರು. ಸೆಟ್ಟು ಕ್ರಮಪ್ರಕಾರ ಈ ಇಲಾಖೆಗೆ ಬಂದು ಸೇರಿತು. ಹಲ್ಲಿಲ್ಲದೆ ಅವರಿಗೆ ಕೂಗಲು ಬರುವುದಿಲ್ಲ. ಮುಂದಿನ ಹರಾಜಿನ ದಿನ ಅವರು ಕೂಗದೆ ಹೋದರೆ ಕೂಗುವವರ ಪೀಠವನ್ನು ಖಾಯಂ ಆಗಿ ಅವರ ಅಳಿಯನಿಗೆ ಕೊಡುವುದಾಗಿ ಮಾರುಕಟ್ಟೆಯವರು ತೀರ್ಮಾನಿಸಿರುತ್ತಾರೆ. ಅಳಿಯನ ಬಳಿ ಮೈಕ್ ಇದೆ.

ಈ ಎಲ್ಲ ಹಿನ್ನೆಲೆಯಲ್ಲಿ ಕೆಳಕಂಡ ನಿಯಮಗಳು ಕೂಡಲೇ ಜಾರಿಗೆ ಬರುವಂತೆ ಹೊರಡಿಸಲ್ಪಟ್ಟಿವೆ.

ನಿಯಮಗಳು

೧. ಭಾಷೆ. ಸರ್ವರ್ "ಬಿತ್ತು", "ಸತ್ತಿತು", "ಕೈಕೊಟ್ಟಿತು", "ಮಲಗ್ತು ನೋಡ್ರೀ ಹಾಳಾದ್ದು" ಎಂಬಿತ್ಯಾದಿ ಮಾತುಗಳನ್ನು ಇನ್ನು ಮುಂದೆ ಹಾಲ್‌ನಲ್ಲಿ ಬಳಸತಕ್ಕದ್ದಲ್ಲ. ಇಂತಹ ಮಾತು ಕೇಳಿದ ಸಾರ್ವಜನಿಕರ ಮುಖ ಬಾಡುವುದು ಗಮನಕ್ಕೆ ಬಂದಿದೆ. ಬದಲಾಗಿ "ಸರ್ವರ್ ಚೇತರಿಕೆಗೆ ಪೂರ್ವಸಿದ್ಧತೆ ನಡೆಸುತ್ತಿದೆ" ಎಂದು ಹೇಳತಕ್ಕದ್ದು. ಸುತ್ತೋಲೆಗಳಲ್ಲಿ "ಬಿತ್ತು" ಎಂದು ಬರೆಯಲು ಅಧೀಕ್ಷಕರಿಗೆ ಮಾತ್ರ ಅಧಿಕಾರವಿರುತ್ತದೆ.

೨. ಕೆಲಸ. ಚೇತರಿಕೆ ಏಕೆ ತಡವಾಗುತ್ತದೆ ಎಂದು ಹಿಂದಿನ ಕೋಣೆಯ ಯಂತ್ರಪಾಲಕರನ್ನು ವಿಚಾರಿಸಲಾಗಿ, ಅವರು, "ಬೀಳೋ ಮುಂಚೆ ನೀವು ಏನೇನು ಮಾಡಿರ್ತೀರೋ ಅಷ್ಟನ್ನೂ ಅದು ಎದ್ಮೇಲೆ ಕೂತ್ಕೊಂಡು ಓದ್ಬೇಕಲ್ವಾ ಸಾರ್? ನೀವು ಜಾಸ್ತಿ ಮಾಡಿದ್ರೆ ಅದಕ್ಕೂ ಜಾಸ್ತಿ ಓದು" ಎಂದು ತಿಳಿಸಿದರು. ಈ ಹೇಳಿಕೆಯನ್ನು ಪರಿಶೀಲಿಸಲಾಯಿತು. ಗೋಡೆಗೆ ಬಣ್ಣ ಬಳಿದ ದಿನ ಸಿಬ್ಬಂದಿಯೆಲ್ಲ ಕುರ್ಚಿಗಳ ಸಮೇತ ಅಂಗಳದಲ್ಲಿ ಕುಳಿತಿದ್ದರು. ಯಾರೂ ಏನೂ ಮಾಡಿರಲಿಲ್ಲ. ಅಂದು ಸರ್ವರ್ ಬಿದ್ದು, ಒಲೆಯ ಮೇಲಿಟ್ಟ ಚಹಾದ ನೀರು ಬಿಸಿಯಾಗುವ ಮೊದಲೇ ಎದ್ದು ನಿಂತಿತ್ತು. ಇಲಾಖೆಯ ಇತಿಹಾಸದಲ್ಲಿಯೇ ಅದು ಅತ್ಯುತ್ತಮ ಚೇತರಿಕೆ. ಆದ್ದರಿಂದ ಕೆಲಸ ಕಡಿಮೆಯಾದಷ್ಟೂ ಚೇತರಿಕೆ ಚುರುಕಾಗುತ್ತದೆ ಎಂಬುದು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಿದೆ.

(ಅ) ಇನ್ನು ಮುಂದೆ ಕೆಲಸ ಮಾಡಬೇಕೆಂಬ ಒತ್ತಡ ಒಳಗಿನಿಂದ ಬಂದ ನೌಕರರು ಕೂಡಲೇ ಎದ್ದು ಓಣಿಯಲ್ಲಿ ಸ್ವಲ್ಪ ಅಡ್ಡಾಡಿ ಬರತಕ್ಕದ್ದು.

(ಆ) ಹಾಲ್‌ನಲ್ಲಿ "ರಾಕೆಟ್ ಅಕ್ಕ" ಎಂದು ಕರೆಯಲ್ಪಡುವ ಗುಮಾಸ್ತೆಯವರು ಎಲ್ಲರಿಗಿಂತ ಹೆಚ್ಚು ಕೆಲಸ ಮಾಡುತ್ತಿರುವುದು ಕಂಡುಬಂದಿದ್ದು, ಅವರಿಗೆ ಎಚ್ಚರಿಕೆ ನೀಡಲಾಗಿದೆ. ಅವರ ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿ, ಕೈಗೆ ಉಣ್ಣೆ ಮತ್ತು ಹೆಣಿಗೆ ಕಡ್ಡಿ ಕೊಡಲಾಗಿದೆ. ಕೊಟ್ಟ ಉಣ್ಣೆಯನ್ನು ಅವರು ಆಗಲೇ ಮುಗಿಸಿರುವುದರಿಂದ, ಹೆಣೆದದ್ದನ್ನು ಬಿಚ್ಚಲು ಇನ್ನೊಬ್ಬರನ್ನು ನಿಯೋಜಿಸಲಾಗಿದೆ.

೩. ಮೊದಲು ಬರೆಯುವುದು, ಆಮೇಲೆ ಮಾಡುವುದು. ಸರ್ವರ್ ಯಾವುದೇ ಬದಲಾವಣೆ ಮಾಡುವ ಮುಂಚೆ ಮಾಡಲಿರುವುದನ್ನು ಲಾಗ್ ಎಂಬ ದಿನಚರಿಯಲ್ಲಿ ಬರೆದಿಟ್ಟು, ಅನಂತರವೇ ಮಾಡುತ್ತದೆ. ಬಿದ್ದರೂ ಎದ್ದು ನೋಡಲು ಬರಹ ಇರುತ್ತದೆ. ಯಂತ್ರಕ್ಕೆ ಇರುವ ಈ ವಿವೇಕ ಸಿಬ್ಬಂದಿಗೂ ಇರಬೇಕಾದ್ದು ನ್ಯಾಯ. ಆದ್ದರಿಂದ ಪ್ರತಿಯೊಬ್ಬರೂ ತಾವು ಮಾಡಲಿರುವುದನ್ನು ಗೋಡೆಯ ಹಲಗೆಯ ಮೇಲೆ ಬರೆದು ನಂತರ ಮಾಡತಕ್ಕದ್ದು. ಸೀನು ಬರುವ ಮುನ್ಸೂಚನೆ ಸಿಕ್ಕವರು "ಸೀನಲಿದ್ದೇನೆ" ಎಂದು ಬರೆಯತಕ್ಕದ್ದು. ಬರೆದ ಮೇಲೆ ಸೀನು ಬಾರದೆ ಹೋದರೆ ರದ್ದತಿ ಬರೆಯತಕ್ಕದ್ದು. ಬರೆಯದೆ ಸೀನಿದ ಸೀನು ಊರ್ಜಿತವಲ್ಲ. ಅದನ್ನು ಮತ್ತೊಮ್ಮೆ ಸೀನತಕ್ಕದ್ದು. ಚಹಾ ಕುಡಿಯುವವರು ಪ್ರತಿ ಗುಟುಕಿಗೂ ಪ್ರತ್ಯೇಕವಾಗಿ ಬರೆಯಬೇಕಾಗಿದ್ದು, ಆರಿಹೋದ ಚಹಾಕ್ಕೆ ಇಲಾಖೆ ಹೊಣೆಯಲ್ಲ.

೪. ಚೆಕ್‌ಪಾಯಿಂಟ್. ಆಗಾಗ ಒಂದು ಗಳಿಗೆ ನಿಂತು "ಇಲ್ಲಿಯವರೆಗೆ ಎಲ್ಲ ಸರಿಯಾಗಿದೆ" ಎಂದು ಗುರುತು ಹಾಕಿಕೊಂಡರೆ, ಬಿದ್ದು ಎದ್ದಾಗ ಆ ಗುರುತಿನಿಂದೀಚೆಗಿನದನ್ನು ಮಾತ್ರ ನೋಡಿದರೆ ಸಾಕಾಗುತ್ತದೆ. ಈ ಕ್ರಮವನ್ನು ಹಾಲ್‌ಗೂ ವಿಸ್ತರಿಸಲಾಗಿದೆ. ಗಂಟೆ ಬಾರಿಸಿದಾಗ ಯಾರ ಕೈ ಎಲ್ಲಿದೆಯೋ ಅಲ್ಲಿಯೇ ಇರತಕ್ಕದ್ದು. ಮೊನ್ನೆ ಗಂಟೆ ಬಾರಿಸಿದಾಗ ಹಿರಿಯ ಗುಮಾಸ್ತರ ಕೈ ಒಬ್ಬ ಮಹಿಳೆಗೆ ಸೇರಿದ ಕೈಚೀಲದೊಳಗೆ ಇದ್ದು, ಆ ಮಹಿಳೆ ಅದೇ ಹೊತ್ತಿಗೆ ಚೀಲ ಕೇಳಲು ಬಂದು ಎದುರಿಗೆ ನಿಂತದ್ದರಿಂದ ಉಂಟಾದ ಗದ್ದಲಕ್ಕೆ ಇಲಾಖೆ ವಿಷಾದಿಸುತ್ತದೆ. ಹಿರಿಯ ಗುಮಾಸ್ತರು ನಿಯಮವನ್ನು ಗೌರವಿಸಿ, ಕೊನೆಯವರೆಗೂ ಕೈ ತೆಗೆಯಲಿಲ್ಲ.

ಗಂಟೆ ಬಾರಿಸುವವರ ಕೈಯೂ ನಿಲ್ಲಬೇಕೇ ಎಂಬ ಪ್ರಶ್ನೆಯನ್ನು ಮೇಲಿನ ಕಚೇರಿಗೆ ಕಳುಹಿಸಲಾಗಿದೆ. ಉತ್ತರ ಬರುವವರೆಗೆ ಅವರು ಎತ್ತಿದ ಕೈ ಎತ್ತಿದಂತೆ ನಿಂತಿರುತ್ತಾರೆ. ಊಟದ ಹೊತ್ತಿಗೆ ಪಕ್ಕದ ಕೌಂಟರ್‌ನವರು ಅವರಿಗೆ ತಿನ್ನಿಸತಕ್ಕದ್ದು.

೫. ಪೂರ್ತಿ ಪುಟವೋ, ಬದಲಾದದ್ದು ಮಾತ್ರವೋ. ವಸ್ತುವೊಂದರ ವಿವರ ತಿದ್ದಿದಾಗ ಕೌಂಟರ್‌ನಿಂದ ಹಿಂದಿನ ಕೋಣೆಗೆ ಆ ವಿವರವಿರುವ ಪೂರ್ತಿ ಪುಟವನ್ನು ಕಳುಹಿಸಬೇಕೇ ಅಥವಾ ಬದಲಾದಷ್ಟನ್ನು ಮಾತ್ರ ಕಳುಹಿಸಬೇಕೇ ಎಂಬ ವಿಷಯದಲ್ಲಿ ಸಿಬ್ಬಂದಿ ಎರಡು ಬಣಗಳಾಗಿ ಒಡೆದಿರುವುದು ಇಲಾಖೆಗೆ ತಿಳಿದಿದೆ. ಒಂದು ಬಣದ ಭಾವ, ಇನ್ನೊಂದು ಬಣದ ಭಾವಮೈದುನ ಒಂದೇ ಬೆಂಚಿನಲ್ಲಿ ಕುಳಿತು ಬೆನ್ನಿಗೆ ಬೆನ್ನು ಹಾಕಿ ಊಟ ಮಾಡುತ್ತಿರುವುದು ಸಹ ತಿಳಿದಿದೆ. ಈ ಸಂಬಂಧ ಪ್ರಾಯೋಗಿಕವಾಗಿ, ಬದಲಾದದ್ದನ್ನು ಮಾತ್ರ ಹೇಳುವ ಪದ್ಧತಿಯನ್ನು ಮೊದಲು ಹಾಲ್‌ನ ಮಾತುಕತೆಯಲ್ಲಿ ಜಾರಿಗೆ ತರಲಾಯಿತು. ಅದರಂತೆ, ಅತ್ತೆಯ ವಿಷಯ ಹೇಳುವವರು ಮದುವೆಯಾದ ದಿನದಿಂದ ಆರಂಭಿಸದೆ, ನಿನ್ನೆ ಹೇಳಿದ್ದಕ್ಕಿಂತ ಇಂದು ಏನು ಹೆಚ್ಚಾಗಿದೆಯೋ ಅಷ್ಟನ್ನು ಮಾತ್ರ ಹೇಳಬೇಕಾಗಿತ್ತು. ಇದರಿಂದ ಮೊದಲ ದಿನವೇ ಹಾಲ್ ಎಷ್ಟು ನಿಶ್ಶಬ್ದವಾಯಿತೆಂದರೆ, ಸಾರ್ವಜನಿಕರು ಇಂದು ರಜೆಯೆಂದು ತಿಳಿದು ಬಾಗಿಲಿನಿಂದಲೇ ಹಿಂದಿರುಗಿದರು. ಒಬ್ಬ ಗುಮಾಸ್ತೆಯವರು ಮಾತ್ರ, "ನಮ್ಮತ್ತೇಲಿ ಬದಲಾಗೋಕೆ ಏನಿದೆ ಹೇಳಿ? ಅದೇ ಅಲ್ವಾ ನನ್ನ ಕಷ್ಟ!" ಎಂದು ಅತ್ತರು. ಅವರಿಗೆ ಪೂರ್ತಿ ಪುಟದ ವಿನಾಯಿತಿ ನೀಡಲಾಗಿದೆ.

ಆದರೆ ಯಂತ್ರದ ವಿಷಯದಲ್ಲಿ ಈ ಪದ್ಧತಿ ಫಲ ನೀಡಲಿಲ್ಲ. ಬದಲಾದದ್ದು ಯಾವುದೆಂದು ಕಂಡುಹಿಡಿಯಲು ಕ್ಲೈಂಟ್ ಯಂತ್ರವು ಹಳೆಯ ಪುಟವನ್ನೂ ಹೊಸ ಪುಟವನ್ನೂ ಪಕ್ಕಪಕ್ಕ ಇಟ್ಟುಕೊಂಡು ಹೋಲಿಸಬೇಕಾಗಿದ್ದು, ನಮ್ಮ ಕ್ಲೈಂಟ್ ಯಂತ್ರಗಳಿಗೆ ಒಂದನ್ನು ಹೊರುವುದೇ ಕಷ್ಟವಾಗಿರುತ್ತದೆ. ಆದ್ದರಿಂದ ಪೂರ್ತಿ ಪುಟವನ್ನೇ ಕಳುಹಿಸತಕ್ಕದ್ದು. ಬೆನ್ನಿಗೆ ಬೆನ್ನು ಹಾಕಿ ಊಟ ಮಾಡುವವರು ತಿರುಗಿ ಕುಳಿತುಕೊಳ್ಳಬಹುದು.

೬. ವಸ್ತುಗಳ ಕುಟುಂಬ. ಈ ಡೇಟಾಬೇಸ್‌ನಲ್ಲಿ ಪ್ರತಿ ವಸ್ತುವಿಗೂ ಒಂದು ಕುಟುಂಬವಿರುತ್ತದೆ ಮತ್ತು ಒಂದು ಕುಟುಂಬದವರೆಲ್ಲ ಒಂದೇ ಪುಟದಲ್ಲಿ ವಾಸಿಸುತ್ತಾರೆ. ಹಲ್ಲಿನ ಸೆಟ್ಟು ಇಲಾಖೆಗೆ ಬಂದ ದಿನ, ಅದು ಯಾವ ಕುಟುಂಬಕ್ಕೆ ಸೇರಬೇಕೆಂದು ನಿರ್ಧರಿಸಲು ಸಭೆ ಸೇರಲಾಯಿತು. "ಅದೇನು ಬಾಯಿಗೆ ಹಾಕ್ಕೊಳ್ಳೋದು ತಾನೇ?" ಎಂದು ಹಿರಿಯ ಗುಮಾಸ್ತರು ಕೇಳಿದರು. ಹೌದೆಂದು ಎಲ್ಲರೂ ಒಪ್ಪಿದರು. ಬಾಯಿಗೆ ಹಾಕಿಕೊಳ್ಳುವ ವಸ್ತುಗಳ ಕುಟುಂಬ ಒಂದೇ ಒಂದು ಇದ್ದು, ಅದರಲ್ಲಿ ಒಂದು ಮೌತ್ ಆರ್ಗನ್, ಆಟದ ಮೈದಾನದ ಹಲವು ಸೀಟಿಗಳು, ಹಾಗೂ ಬ್ಯಾಂಡಿನವರು ರೈಲಿನಲ್ಲಿ ಬಿಟ್ಟುಹೋದ, ಮನುಷ್ಯನಷ್ಟು ಎತ್ತರದ ಒಂದು ಹಿತ್ತಾಳೆ ತುತ್ತೂರಿ ಇದ್ದವು. ಸೆಟ್ಟನ್ನು ಅಲ್ಲಿಗೇ ಸೇರಿಸಲಾಯಿತು.

ತುತ್ತೂರಿಯು ಎಲ್ಲ ಕೋನಗಳಿಂದ ತೆಗೆದ ಫೋಟೋಗಳನ್ನೂ, ಗುರುತಿಗೆಂದು ಬ್ಯಾಂಡಿನವರು ಆಮೇಲೆ ತಂದುಕೊಟ್ಟ ಒಂದು ಇಡೀ ಮೆರವಣಿಗೆಯ ಸಂಗೀತವನ್ನೂ ಹೊಂದಿರುವುದರಿಂದ ಆ ಪುಟದ ಭಾರ ಹೇಳತೀರದು. ಹಲ್ಲಿನ ಸೆಟ್ಟು ಬೇಕೆಂದು ಕೌಂಟರ್ ಕೇಳಿದರೆ, ಅದರ ಹಿಂದೆ ತುತ್ತೂರಿ, ಸೀಟಿ, ಮೆರವಣಿಗೆ ಎಲ್ಲವೂ ಬರುತ್ತವೆ. ತಿದ್ದಿ ವಾಪಸು ಕಳುಹಿಸಿದರೆ ಎಲ್ಲವೂ ಹಿಂದಿನ ಕೋಣೆಯ ಮೇಲೆ ಒಟ್ಟಿಗೆ ಬಂದು ಬೀಳುತ್ತವೆ. ಆಗ ಸರ್ವರ್ "ಆಯಿತು" ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಕುಸಿಯುತ್ತದೆ. ಅಂದರೆ, ಹರಾಜು ಯಜಮಾನರಿಗೆ ಹಲ್ಲು ಕೊಡುವ ಕೆಲಸವೇ ಸರ್ವರ್ ಬೀಳಲು ಕಾರಣವಾಗುತ್ತಿದ್ದು, ಸರ್ವರ್ ಬೀಳುವುದೇ ಹಲ್ಲು ಕೊಟ್ಟದ್ದು ರದ್ದಾಗಲು ಕಾರಣವಾಗುತ್ತಿದೆ. ಸೆಟ್ಟನ್ನು ಬೇರೆ ಕುಟುಂಬಕ್ಕೆ ವರ್ಗಾಯಿಸಬಾರದೇ ಎಂದು ಕೆಲವರು ಕೇಳಿದ್ದಾರೆ. ವರ್ಗಾಯಿಸುವುದೂ ಅದೇ ಪುಟದಲ್ಲಿ ಮಾಡಬೇಕಾದ ಬದಲಾವಣೆ ಎಂದು ಅವರಿಗೆ ತಿಳಿಸಲಾಗಿದೆ. ಅವರು ತಲೆ ಮೇಲೆ ಕೈಹೊತ್ತು ಕುಳಿತಿದ್ದಾರೆ. ಗಂಟೆ ಬಾರಿಸದೆ ಹೀಗೆ ಕೂರತಕ್ಕದ್ದಲ್ಲ.

೭. ದಾಖಲೆ ಮತ್ತು ಬಾಯಿ. ಸರ್ವರ್ ಎದ್ದ ಕೂಡಲೇ ದಾಖಲೆಯನ್ನೂ ಕಪಾಟನ್ನೂ ತಾಳೆ ನೋಡತಕ್ಕದ್ದೆಂದು ಮೇಲಿನ ಕಚೇರಿಯ ಕಟ್ಟಪ್ಪಣೆಯಿದೆ. ಯಜಮಾನರಿಗೆ ಸೆಟ್ಟು ಕೊಡಲಾಯಿತು; ಅವರು ಧರಿಸಿ, "ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ" ಎಂದು ಹರಸಿ ಹೋದರು; ಸರ್ವರ್ ಬಿದ್ದು ಎದ್ದಿತು; ಹಲ್ಲು ಕಪಾಟಿನಲ್ಲಿಯೇ ಇದೆ ಎಂದು ದಾಖಲೆ ತೋರಿಸಿತು. ಕಪಾಟಿನಲ್ಲಿ ಇರಲಿಲ್ಲ. ದಾಖಲೆಗೂ ಬಾಯಿಗೂ ವ್ಯತ್ಯಾಸ ಕಂಡುಬಂದಲ್ಲಿ ಬಾಯಿಯನ್ನು ತಿದ್ದತಕ್ಕದ್ದು ಎಂಬುದು ನಿಯಮ. ಅದರಂತೆ ಜವಾನರನ್ನು ಕಳುಹಿಸಿ ಸೆಟ್ಟನ್ನು ಮರಳಿ ತರಲಾಯಿತು. ಇದು ಹಲವು ಸಲ ನಡೆದಿರುತ್ತದೆ. ಜವಾನರ ವರದಿಯ ಸಾರಾಂಶ ಹೀಗಿದೆ.

ಮೊದಲ ಸಲ ಹೋದಾಗ ಯಜಮಾನರು ಊಟಕ್ಕೆ ಕುಳಿತಿದ್ದರು. "ಬಾರಪ್ಪಾ, ಕೂತ್ಕೋ. ಬಾಯಲ್ಲಿ ತುತ್ತಿದೆ, ಅಗಿದು ಕೊಡ್ತೀನಿ" ಎಂದು ಹೇಳಿ, ಅಗಿದು, ತೊಳೆದು ಕೊಟ್ಟರು. ಜವಾನರಿಗೂ ಊಟ ಹಾಕಿಸಿದರು. ಯಜಮಾನರು ಉಳಿದದ್ದನ್ನು ಕಲಸಿಕೊಂಡು ನುಂಗುತ್ತಿದ್ದುದರಿಂದ ಜವಾನರು ಊಟ ಅರ್ಧಕ್ಕೆ ಬಿಟ್ಟು ಎದ್ದರೆಂದು ವರದಿಯಲ್ಲಿದೆ. ಎರಡನೆಯ ಸಲ ಅವರ ಮಗಳು ಬಾಗಿಲಲ್ಲೇ ತಡೆದು, "ನಿಮ್ಮ ಆಫೀಸಲ್ಲಿ ಮನುಷ್ಯರ್ಯಾರೂ ಇಲ್ವೇನ್ರೀ? ಕೊಟ್ಟಿದ್ದನ್ನ ಬಾಯಿಂದ ಕಿತ್ಕೊಂಡು ಹೋಗ್ತೀರಲ್ಲ, ನಿಮ್ಮನೇಲಿ ಅಪ್ಪ ಅಮ್ಮ ಇಲ್ವಾ?" ಎಂದು ಕೇಳಿದರು. ಜವಾನರು ತಮಗೆ ತಾಯಿ ಇದ್ದಾರೆಂದೂ, ಅವರಿಗೆ ಸ್ವಂತ ಹಲ್ಲುಗಳೇ ಇವೆಯೆಂದೂ ಉತ್ತರಿಸಿದರು. ಈ ಉತ್ತರದಿಂದ ಪರಿಸ್ಥಿತಿ ಸುಧಾರಿಸಲಿಲ್ಲ.

ಕೊನೆಯ ಸಲ ಹೋದಾಗ ಯಜಮಾನರು ಒಳಕೋಣೆಯಲ್ಲಿ ಒಬ್ಬರೇ ಕನ್ನಡಿಯ ಮುಂದೆ ನಿಂತು ಮನೆಯ ಬೀರುವನ್ನು ಹರಾಜು ಹಾಕುತ್ತಿದ್ದರು. ತಾಲೀಮು ಎಂದು ತಿಳಿದುಬಂತು. ಕನ್ನಡಿಯಲ್ಲಿ ಜವಾನರನ್ನು ಕಂಡು, "ಎರಡು ಸಲ" ಎಂದು ಕೂಗಿದವರು "ಮೂರು ಸಲ" ಎನ್ನದೆ ನಿಲ್ಲಿಸಿದರು. ಸೆಟ್ಟನ್ನು ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಕೈಗಿಟ್ಟರು. ಇನ್ನು ಮುಂದೆ ಈ ಕೆಲಸಕ್ಕೆ ತಮ್ಮನ್ನು ಕಳುಹಿಸಬಾರದೆಂದು ಜವಾನರು ಕೋರಿದ್ದಾರೆ. ಹಾಲ್‌ನಲ್ಲಿ ಬೇರೆ ಯಾರೂ ಈ ಕೆಲಸಕ್ಕೆ ಮುಂದೆ ಬಂದಿರುವುದಿಲ್ಲ. ಅಧೀಕ್ಷಕರನ್ನೂ ಸೇರಿಸಿ.

೮. ಕಾರಣ ಕೇಳುವ ಬಗ್ಗೆ. ಸರ್ವರ್ ಬೀಳದಂತೆಯೇ ಮಾಡಬಾರದೇ ಎಂಬ ಪ್ರಶ್ನೆಯನ್ನು ರಾಕೆಟ್ ಅಕ್ಕನವರು ಎತ್ತಿರುತ್ತಾರೆ. ಮೇಲಿನ ಕಚೇರಿಯು ಏಳುವುದನ್ನು ಮಾತ್ರ ಅಳೆಯುತ್ತದೆ, ಬೀಳುವುದನ್ನು ಅಳೆಯುವುದಿಲ್ಲ. ಬೀಳದ ಸರ್ವರ್‌ಗೆ ಏಳುವ ಅವಕಾಶವೇ ಇಲ್ಲವಾಗಿ, ಇಲಾಖೆ ಸ್ಪರ್ಧೆಯಿಂದ ಹೊರಗುಳಿಯಬೇಕಾಗುತ್ತದೆ. ಆದ್ದರಿಂದ ಈ ಸಲಹೆಯನ್ನು ತಿರಸ್ಕರಿಸಲಾಗಿದೆ ಮತ್ತು ರಾಕೆಟ್ ಅಕ್ಕನವರಿಗೆ ಇನ್ನಷ್ಟು ಉಣ್ಣೆ ಮಂಜೂರು ಮಾಡಲಾಗಿದೆ.

೯. ಅಳಿಯನ ಭೇಟಿ. ಹರಾಜಿನ ಹಿಂದಿನ ದಿನ ಯಜಮಾನರ ಅಳಿಯ ಇಲಾಖೆಗೆ ಬಂದಾಗ, ತಮ್ಮ ಮಾವನ ಪರವಾಗಿ ಮನವಿ ಸಲ್ಲಿಸಬಹುದೆಂದು ಎಲ್ಲರೂ ನಿರೀಕ್ಷಿಸಿದ್ದರು. ಅವರು ಕೌಂಟರ್ ಮೇಲೆ ಮೊಣಕೈ ಊರಿ, "ಏನೂ ಅವಸರ ಇಲ್ಲ ಸಾರ್. ನಿಧಾನಕ್ಕೆ ಕೊಡಿ. ಮಾವನೋರಿಗೂ ವಯಸ್ಸಾಯ್ತು, ಸ್ವಲ್ಪ ರೆಸ್ಟ್ ತಗೊಳ್ಲಿ ಪಾಪ. ನನ್ನ ಮೈಕ್ ಇದೆ, ಈ ಬೀದಿಯಿಂದ ಆ ಬೀದಿವರೆಗೂ ಕೇಳತ್ತೆ" ಎಂದರು. ಬಾಗಿಲ ಬಳಿಯ ಬೆಂಚಿನಲ್ಲಿ ಯಜಮಾನರು ಆಗಲೇ ಬಂದು ಕುಳಿತಿದ್ದುದು ಅಳಿಯನಿಗೆ ತಿಳಿದಿರಲಿಲ್ಲ. ಅಂದು ಸೆಟ್ಟು ಕಪಾಟಿನಲ್ಲಿದ್ದುದರಿಂದ ಯಜಮಾನರ ಮಾತು ಹಾಲ್‌ಗೆ ಕೇಳುವಷ್ಟು ಗಟ್ಟಿಯಾಗಿರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಮಗಳು ಕೇಳಿಸಿಕೊಂಡು ಎದ್ದು ನಿಂತು ಹೇಳಿದ್ದನ್ನು ಇಲ್ಲಿ ದಾಖಲಿಸಲಾಗಿದೆ.

"ಅಪ್ಪ ಏನು ಕೇಳ್ತಿದಾರೆ ಗೊತ್ತಾ ನಿಮಗೆ? ಆ ಮೈಕ್‌ಗೆ ಕಣ್ಣಿದ್ಯಾ ಅಂತ. ಹಿಂದೆ ಮೂಲೇಲಿ ನಿಂತೋನು ಮೂಗು ತುರಿಸ್ಕೊಂಡ್ನೋ, ಇನ್ನೂ ಏರಿಸ್ತೀನಿ ಅಂತ ಸನ್ನೆ ಮಾಡಿದ್ನೋ, ಅದಕ್ಕೆ ಗೊತ್ತಾಗತ್ತಾ ಅಂತ. ಹಳೇ ತೊಟ್ಟಿಲು ಮಾರೋಕೆ ಬಂದಿರೋ ಹೆಂಗಸಿನ ಮುಖ ನೋಡಿ, ಕೈ ಸ್ವಲ್ಪ ನಿಧಾನ ಮಾಡಿ, ಇನ್ನೊಬ್ಬ ಕೇಳೋವರೆಗೂ ಕಾಯತ್ತಾ ಅಂತ."

ಇದಾದ ನಂತರ ಅಳಿಯ ಮೊಣಕೈಯನ್ನು ಕೌಂಟರ್‌ನಿಂದ ತೆಗೆದರು. ಆ ವೇಳೆ ಗಂಟೆ ಬಾರಿಸಿರಲಿಲ್ಲ. ಆದರೂ ಹಾಲ್‌ನಲ್ಲಿ ಯಾರ ಕೈಯೂ ಅಲುಗಲಿಲ್ಲ. ಇದು ನಿಯಮಬಾಹಿರವಾದರೂ ಕ್ರಮ ಕೈಗೊಂಡಿರುವುದಿಲ್ಲ.

೧೦. ಆದೇಶ. ಮೇಲಿನ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಕೆಳಕಂಡಂತೆ ಆದೇಶಿಸಲಾಗಿದೆ.

(ಅ) ಹರಾಜಿನ ದಿನವಾದ ಇಂದು ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹಲ್ಲಿನ ಸೆಟ್ಟಿನ ಹಸ್ತಾಂತರವನ್ನು ಮತ್ತೆ ನಮೂದಿಸಲಾಯಿತು. ತುತ್ತೂರಿ ಮೆರವಣಿಗೆ ಸಮೇತ ಹಿಂದಿನ ಕೋಣೆಗೆ ಹೋಯಿತು. ಸರ್ವರ್ ಎಂದಿನಂತೆ ಬಿತ್ತು.

(ಆ) ಕೊಟ್ಟದ್ದು ರದ್ದಾಗುವುದು ಸರ್ವರ್ ಬಿದ್ದಾಗಲ್ಲ, ಎದ್ದಾಗ. ದಾಖಲೆಯನ್ನು ತಾಳೆ ನೋಡಬೇಕಾದ್ದೂ ಎದ್ದ ಮೇಲೆಯೇ. ಬಿದ್ದಿರುವಷ್ಟು ಹೊತ್ತು ದಾಖಲೆಯೂ ಇಲ್ಲ, ವ್ಯತ್ಯಾಸವೂ ಇಲ್ಲ. ಯಾರ ಬಾಯಿಯನ್ನೂ ತಿದ್ದುವ ಪ್ರಮೇಯ ಉದ್ಭವಿಸುವುದಿಲ್ಲ.

(ಇ) ಆದ್ದರಿಂದ ಚೇತರಿಕೆಯ ವೇಗವನ್ನು ಉತ್ತಮಪಡಿಸುವ ಈ ಸುತ್ತೋಲೆಯ ಉದ್ದೇಶಕ್ಕೆ ಯಾವುದೇ ಧಕ್ಕೆ ಬಾರದಂತೆ, ಸರ್ವರ್ ಅನ್ನು ಏಳಿಸತಕ್ಕದ್ದಲ್ಲ ಎಂದು ತೀರ್ಮಾನಿಸಲಾಗಿದೆ. ಯಂತ್ರಪಾಲಕರು ಹಿಂದಿನ ಕೋಣೆಯ ಬಾಗಿಲೆಳೆದುಕೊಂಡು ಹಾಲ್‌ಗೆ ಬಂದು ಕುಳಿತುಕೊಳ್ಳತಕ್ಕದ್ದು.

(ಈ) ಎಲ್ಲಿಯವರೆಗೆ ಎಂಬ ಪ್ರಶ್ನೆ ಬರಬಹುದು. ಹರಾಜು ಯಜಮಾನರು ತಾವಾಗಿಯೇ ಬಂದು, "ನನಗೆ ಇನ್ನು ಕೂಗೋದು ಸಾಕು, ತಗೊಳ್ರಪ್ಪಾ" ಎಂದು ಸೆಟ್ಟನ್ನು ಕೌಂಟರ್ ಮೇಲೆ ಇಡುವವರೆಗೆ. ಅವರ ತಂದೆ ಬಹಳ ವಯಸ್ಸಾಗುವವರೆಗೂ ಕೂಗುತ್ತಿದ್ದರೆಂದು ವಿಚಾರಣೆಯಿಂದ ತಿಳಿದುಬಂದಿದೆ. ಅದಕ್ಕೆ ಇಲಾಖೆಯ ಅಭ್ಯಂತರವಿರುವುದಿಲ್ಲ.

(ಉ) ಅಲ್ಲಿಯವರೆಗೆ ಯಾರಾದರೂ ಛತ್ರಿ ಕೇಳಲು ಬಂದರೆ, ಅವರ ಛತ್ರಿ ಯಾವುದೆಂದು ಕೇಳಿ, ಕಪಾಟಿನಿಂದ ತೆಗೆದು, ಕೈಗೆ ಕೊಟ್ಟು ಕಳುಹಿಸತಕ್ಕದ್ದು. ಇದು ಹೊಸ ಪದ್ಧತಿಯಾದ್ದರಿಂದ ಮೊದಮೊದಲು ಸಿಬ್ಬಂದಿಗೆ ಗಾಬರಿಯಾಗುವುದು ಸಹಜ. ರಾಕೆಟ್ ಅಕ್ಕನವರು ಹೆಣಿಗೆ ಕೆಳಗಿಟ್ಟು ಎಲ್ಲರಿಗೂ ತರಬೇತಿ ನೀಡತಕ್ಕದ್ದು.

(ಊ) ಇದರಿಂದ ಇಲಾಖೆಯು ಮುಂದಿನ ಸಲವೂ ಕಡೆಯ ಸ್ಥಾನದಲ್ಲಿಯೇ ಉಳಿಯುವುದು ಖಚಿತವಿದ್ದು, ಕಾರಣ ಕೇಳಿ ನೋಟಿಸ್ ಬಂದಲ್ಲಿ ಅದಕ್ಕೆ ಕೆಳಗೆ ಸಹಿ ಮಾಡಿದವರೊಬ್ಬರೇ ಉತ್ತರಿಸತಕ್ಕದ್ದು. ಉಳಿದ ಸಿಬ್ಬಂದಿಗೆ ಏನೂ ಗೊತ್ತಿರುವುದಿಲ್ಲ ಎಂದು ಈ ಸುತ್ತೋಲೆಯನ್ನು ಓದಿದವರೆಲ್ಲರೂ ತಿಳಿದುಕೊಳ್ಳತಕ್ಕದ್ದು.

(ಸಹಿ)
ಅಧೀಕ್ಷಕರು (ಪ್ರಭಾರ)
ಕಳೆದುಹೋದ ವಸ್ತುಗಳ ಇಲಾಖೆ

ಪ್ರತಿಗಳು:

೧. ಮೇಲಿನ ಕಚೇರಿಗೆ, ಮಾಹಿತಿಗಾಗಿ. ನಿಯಮದಂತೆ ಸರ್ವರ್ ಮೂಲಕವೇ ಕಳುಹಿಸಲಾಗಿದೆ.
೨. ಯಂತ್ರಪಾಲಕರಿಗೆ, ಏಳಿಸುವ ಗುಂಡಿಯಿಂದ ಕೈ ದೂರವಿಡಲು.
೩. ಇಲಿ ನಿರ್ಮೂಲನಾ ಇಲಾಖೆಗೆ, ಮುಂಗಡ ಅಭಿನಂದನೆಗಳೊಂದಿಗೆ.
೪. ಪೀಠೋಪಕರಣ ಮಾರುಕಟ್ಟೆಯವರಿಗೆ, ಪೀಠದ ಧೂಳು ಒರೆಸಿಡಲು.
೫. ಯಜಮಾನರ ಅಳಿಯನಿಗೆ, ಹಿಂದಿನ ಮೂಲೆಯಲ್ಲಿ ನಿಂತು ಕಲಿತುಕೊಳ್ಳಲು. ಮೂಗು ತುರಿಸಿಕೊಳ್ಳತಕ್ಕದ್ದಲ್ಲ.
೬. ಜವಾನರಿಗೆ, ಕೆಳಗಿನ ಕ್ರಮಸಂಖ್ಯೆಯವರ ಮನೆಗೆ ಇನ್ನೊಂದೇ ಒಂದು ಸಲ ಹೋಗಿಬರಲು, ತರುವುದೇನೂ ಇಲ್ಲ.
೭. ಹರಾಜು ಯಜಮಾನರಿಗೆ, ಖುದ್ದಾಗಿ.

ಲಗತ್ತು (ಕ್ರಮಸಂಖ್ಯೆ ೭ಕ್ಕೆ ಮಾತ್ರ): ಹಲ್ಲಿನ ಸೆಟ್ಟು. ತೊಳೆಯಲಾಗಿದೆ.